ಭಾವನ ನಾಲಗೆಯ ಎಡಬದಿ

ಭಾವ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸುಡುತ್ತಿದ್ದ ಕಾಲದಲ್ಲಿ ತಿಂಗಳ ಕೊನೆಗೆ ಅದರ ಖರ್ಚು ಮನೆಬಾಡಿಗೆಯ ಮುಕ್ಕಾಲು ಪಾಲಿಗೆ ಬರುತ್ತಿತ್ತು. ಅಕ್ಕ ಅದನ್ನು ದುಡ್ಡಿನಲ್ಲಿ ಹೇಳುತ್ತಿರಲಿಲ್ಲ, ಸಾಮಾನಿನಲ್ಲಿ ಹೇಳುತ್ತಿದ್ದಳು. ಒಂದು ವಾರದ ಸಿಗರೇಟೆಂದರೆ ಒಂದು ಜೊತೆ ಬೂಟು. ತಿಂಗಳದ್ದೆಂದರೆ ಎಲ್ಲ ಕಿಟಕಿಗೂ ಹೊಸ ಪರದೆ. ವರ್ಷದ್ದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಖಾಲಿ ಬಿದ್ದ ಮೂಲೆಯ ಕಡೆ ನೋಡುತ್ತಿದ್ದಳು ಅಷ್ಟೇ. ಅಲ್ಲಿ ಬಟ್ಟೆ ಒಗೆಯುವ ಮೆಷಿನ್ ಬರಬೇಕಾಗಿತ್ತು. ತಂಬಾಕು ತುಂಬಿ ಸೇದುವ ಪೈಪಿನ ಲೆಕ್ಕ ಬೇರೆ. ಒಂದು ಡಬ್ಬಿ ತಂಬಾಕಿಗೆ ನಾಲ್ಕು ದಿನದ ಸಿಗರೇಟಿನ ಬೆಲೆ, ಬರುವುದು ಹದಿನೈದು ದಿನ. ಒಳಗೆ ಒರೆಸುವ ತಂತಿಬತ್ತಿಯ ಕಟ್ಟಿಗೆ ಒಂದು ಬ್ರೆಡ್ಡಿನ ಬೆಲೆ. ಪೈಪಂತೂ ಪುಕ್ಕಟೆ, ಯಾಕೆಂದರೆ ಅದನ್ನು ಕೊಟ್ಟವನು ಅಕ್ಕನ ತಮ್ಮ.

ತಮ್ಮನ ಅಂಗಡಿ ಹತ್ತು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಪೈಪು, ಛತ್ರಿ, ಊರುಗೋಲು, ಹೀಗೆ ಕೈಯಲ್ಲಿ ಹಿಡಿದು ನಡೆಯುವ ಸಾಮಾನು ಯಾವುದಿದ್ದರೂ ಅವನು ರಿಪೇರಿ ಮಾಡುತ್ತಿದ್ದ. ಬೀದಿಯವರು ಅವನನ್ನು ಛತ್ರಿ ಎಂದೇ ಕರೆಯುತ್ತಿದ್ದರು. ಅದರಲ್ಲಿ ಕಸುಬು ಎಷ್ಟು, ಬೈಗುಳ ಎಷ್ಟು ಎಂದು ಅವನು ಕೇಳಲು ಹೋಗಿರಲಿಲ್ಲ. ತಾನು ಒಂದು ದಿನವೂ ಸೇದಿದವನಲ್ಲ. ಆದರೆ ಇಪ್ಪತ್ತೆರಡು ವರ್ಷ ಬೇರೆಯವರ ಪೈಪು ಬಿಚ್ಚಿ, ಒಳಗಿನ ಕಿಟ್ಟ ಕೆರೆದು, ಯಾರು ಹೇಗೆ ಎಳೆಯುತ್ತಾರೆ, ಯಾರು ಎಲ್ಲಿ ಕಚ್ಚುತ್ತಾರೆ ಎಂಬುದನ್ನೆಲ್ಲ ಓದಬಲ್ಲವನಾಗಿದ್ದ. ಚಿಕ್ಕಂದಿನಲ್ಲೇ ತಾಯಿ ಹೋದಮೇಲೆ ಅವನನ್ನು ಸಾಕಿದವಳು ಅಕ್ಕ. ಮದುವೆಯಾಗದ ಅವನು ಈಗಲೂ ಉಣ್ಣುತ್ತಿದ್ದದ್ದು ಅವಳ ಮನೆಯ ಮೇಜಿನಲ್ಲೇ. ಆ ಋಣಕ್ಕೆ ಅವನು ಕೊಟ್ಟದ್ದು ಈ ಪೈಪು. ಸಿಗರೇಟು ಬಿಡಿಸಿದ ತಮ್ಮ ಎಂದು ಅಕ್ಕ ನೆರೆಹೊರೆಯವರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು. ಬಟ್ಟೆ ಒಗೆಯುವ ಮೆಷಿನ್ನೂ ಕಂತಿನ ಮೇಲೆ ಬಂತು.

ಭಾವ ಹರಾಜು ಕೂಗುವವನು. ಹಳೆಯ ಪೀಠೋಪಕರಣಗಳ ಹರಾಜು ಮಳಿಗೆಯಲ್ಲಿ ವಾರಕ್ಕೆ ಮೂರು ದಿನ ಎತ್ತರದ ಕಟ್ಟೆಯ ಮೇಲೆ ನಿಂತು, ಕಾಲು ಮುರಿದ ಕುರ್ಚಿಯನ್ನೂ ಮಾರಿಬಿಡುತ್ತಿದ್ದ. "ಮೂರೇ ಕಾಲಿನ ಮೇಲೆ ನಿಂತಿರೋ ಮರ್ಯಾದಸ್ಥ ಕುರ್ಚಿ ಸ್ವಾಮಿ. ನಾಲ್ಕು ಕಾಲಿದ್ದೂ ಬಿದ್ದೋರನ್ನ ನಾನು ಬೇಕಾದಷ್ಟು ನೋಡಿದೀನಿ." ಜನ ನಗುತ್ತಿದ್ದರು, ನಗುತ್ತಲೇ ಕೈ ಎತ್ತುತ್ತಿದ್ದರು. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅವನ ನಾಲಗೆಯ ಮೇಲೆ.

ಪೈಪು ಹಿಡಿದ ಎರಡನೇ ತಿಂಗಳಲ್ಲಿ ಆ ನಾಲಗೆ ಉರಿಯತೊಡಗಿತು. ಭಾವ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ನಾಲಗೆ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂಗಾಗಿದೆ ಕಣೋ."

"ಆಗದೆ ಇನ್ನೇನು ಭಾವ. ಸಿಗರೇಟು ಎಳೆದ ಹಾಗೆ ಎಳೀತೀರಿ. ಬಿಸಿ ಕಾಫಿ ಹೇಗೆ ಕುಡೀತೀರಿ? ಹಾಗೆ, ಗುಟುಕು ಗುಟುಕಾಗಿ. ಆರಿಹೋದ್ರೆ ಆರಿಹೋಗ್ಲಿ, ಮತ್ತೆ ಹಚ್ಕೊಳ್ಳಿ. ಅದರಲ್ಲೇನು ಮರ್ಯಾದೆ ಹೋಗಲ್ಲ."

"ತಂಬಾಕು ಒಳ್ಳೇದೇ ತಂದಿದೀನಲ್ಲ?"

ತಮ್ಮ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಹಿಸುಕಿ ನೋಡಿದ. ಉಂಡೆಯಾಗಿ ಉಳಿಯಿತು. "ಇದು ಒದ್ದೆ ಬಟ್ಟೆ ಇದ್ದಂಗಿದೆ. ಇದನ್ನ ಸೇದಿದ್ರೆ ಹೊಗೆ ಬರಲ್ಲ, ಹಬೆ ಬರುತ್ತೆ. ಸುಡೋದು ಆ ಹಬೆ. ಅರ್ಧ ಗಂಟೆ ಕಾಗದದ ಮೇಲೆ ಹರಡಿ ಆರಿಸಿ. ತುಂಬುವಾಗ ಕೆಳಗೆ ಹಗುರ, ಮೇಲೆ ಸ್ವಲ್ಪ ಬಿಗಿ. ಒಂದು ಸಲ ಸೇದಿದ ಪೈಪಿಗೆ ಒಂದು ದಿನ ರಜೆ ಕೊಡಿ."

"ನನಗೇ ರಜೆ ಇಲ್ಲ, ಪೈಪಿಗೆ ರಜೆಯಂತೆ."

ಭಾವ ಅರ್ಧ ಕೇಳಿದ, ಅರ್ಧ ಬಿಟ್ಟ. ತಂಬಾಕನ್ನು ಆರಿಸಿದ, ಆದರೆ ನಿಧಾನ ಮಾಡಲಿಲ್ಲ. ಹರಾಜಿನ ನಡುವೆ ಪೈಪನ್ನು ಎಡದವಡೆಯಲ್ಲಿ ಕಚ್ಚಿಕೊಂಡೇ ಕೂಗುತ್ತಿದ್ದ, ಜನಕ್ಕೂ ಅದು ಇಷ್ಟವಾಗಿತ್ತು. ಕೊನೆಗೆ ತಮ್ಮನೇ ಒಂದು ಉಪಾಯ ಮಾಡಿದ. ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸನ್ನೇ ಬದಲಾಯಿಸಿದ. ಹಳೆಯದು ಮೆತ್ತನೆಯ ರಬ್ಬರಿನದು, ತೂತು ಕಿರಿದು. ಹೊಸದು ಗಟ್ಟಿ ಪ್ಲಾಸ್ಟಿಕ್ಕಿನದು, ಅಗಲ ತುದಿ, ದೊಡ್ಡ ತೂತು. ಹೊಗೆ ಹರಡಿಕೊಂಡು ತಣ್ಣಗಾಗಿ ಬರಲೆಂದು ಎರಡು ದಿನ ಕೂತು ಅರದಿಂದ ಉಜ್ಜಿ ಕೂಡಿಸಿದ. ಉರಿ ನಿಜಕ್ಕೂ ಹೋಯಿತು. ತಮ್ಮ ಒಂದು ತಿಂಗಳು ಎದೆಯುಬ್ಬಿಸಿಕೊಂಡು ಓಡಾಡಿದ.

ಆಮೇಲೆ ಹುಣ್ಣು ಕಾಣಿಸಿಕೊಂಡಿತು.

ಮೊದಲ ವಾರ ಅದು ನಾಲಗೆಯ ಎಡಬದಿಯಲ್ಲಿ ಅಕ್ಕಿಕಾಳಿನಷ್ಟಿತ್ತು. ತಮ್ಮ ಅದನ್ನು ಹಳೆಯ ಉರಿಯ ತಂಗಿ ಎಂದುಕೊಂಡ. "ತಂಬಾಕು ಮತ್ತೆ ಒದ್ದೆ ಇರ್ಬೇಕು ಭಾವ" ಎಂದ. ಎರಡನೇ ವಾರ "ಸಿಹಿ ಹಾಕಿರೋ ತಂಬಾಕು ಬೇಡ, ಅದರ ಸಕ್ಕರೆ ಸುಡುತ್ತೆ" ಎಂದು ಬೇರೆ ಡಬ್ಬಿ ತರಿಸಿಕೊಟ್ಟ. ಮೂರನೇ ವಾರ ದಿನಕ್ಕೆ ಒಂದೇ ಸಲ ಸೇದಿ ಎಂದ. ನಾಲ್ಕನೇ ವಾರ ಹೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ. ಹುಣ್ಣು ಆಗ ಗುಂಡಿಯಷ್ಟಾಗಿತ್ತು, ಅಂಗಿಯ ಚಿಕ್ಕ ಗುಂಡಿ. ನಡುವೆ ಬಿಳಿ, ಸುತ್ತ ಕೆಂಪು.

ಅಂಗಡಿಯ ಗೋಡೆಯಲ್ಲಿ, ಕಿಟಕಿಯ ಪಕ್ಕದ ಮೊಳೆಗೆ ಒಂದು ಪೈಪು ನೇತಾಡುತ್ತಿತ್ತು. ಬಂದರಿನ ಕಚೇರಿಯ ಗುಮಾಸ್ತನೊಬ್ಬನದು. ಅವನೂ ಹೀಗೇ ಸ್ಟೂಲಿನ ಮೇಲೆ ಕುಳಿತು ನಾಲಗೆ ತೋರಿಸಿದ್ದ, ತಮ್ಮನೂ ಹೀಗೇ ತಂಬಾಕು ಆರಿಸಲು ಹೇಳಿದ್ದ. ಪೈಪು ರಿಪೇರಿಗೆ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಒಂಬತ್ತು ತಿಂಗಳ ನಂತರ ಅವನ ಹೆಂಡತಿ ಬಂದು, ಪೈಪು ಬೇಡ, ಇಟ್ಟುಕೊಳ್ಳಿ ಎಂದು ಹೇಳಿಹೋಗಿದ್ದಳು. ಭಾವನಿಗೆ ಹುಣ್ಣಾಗುವ ಮುಂಚೆ ತಮ್ಮ ಆ ಪೈಪನ್ನು ದಿನಕ್ಕೊಮ್ಮೆಯೂ ನೋಡುತ್ತಿರಲಿಲ್ಲ. ಈಗ ಛತ್ರಿಯ ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದರೂ ಕಣ್ಣು ಅತ್ತಲೇ ಹೋಗುತ್ತಿತ್ತು. ಒಮ್ಮೆ ಎದ್ದು ಅದನ್ನು ಡ್ರಾಯರಿನೊಳಗೆ ಹಾಕಿದ. ಆಮೇಲೆ ಖಾಲಿ ಮೊಳೆ ಕಾಣತೊಡಗಿತು.

"ಡಾಕ್ಟರ ಹತ್ರ ಹೋಗೋಣ ಭಾವ."

"ಹೋದ್ರೆ ಅವರು ಇದಕ್ಕೊಂದು ಹೆಸರಿಡ್ತಾರೆ. ಹೆಸರಿಲ್ಲದೆ ಇದ್ರೆ ಬರೀ ಹುಣ್ಣು. ಇರ್ಲಿ ಬಿಡು." ಭಾವ ಟೋಪಿ ಹಾಕಿಕೊಂಡು ಎದ್ದ. ಬಾಗಿಲಲ್ಲಿ ನಿಂತು, ಮುಖ ಬೀದಿಯ ಕಡೆಗಿಟ್ಟುಕೊಂಡೇ ಹೇಳಿದ, "ನಿಮ್ಮಕ್ಕನಿಗೆ ಹೇಳಬೇಡ. ಆಣೆ ಹಾಕು."

ತಮ್ಮ ಆಣೆ ಹಾಕಿದ. ಹಾಕಿದ ಮೇಲೆ ಊಟದ ಮೇಜಿಗೆ ಕೂರುವುದು ಅವನಿಗೆ ಮುಳ್ಳಿನ ಮೇಲೆ ಕುಳಿತ ಹಾಗಾಯಿತು. ಎದುರಿಗೆ ಭಾವ ಬ್ರೆಡ್ಡಿನ ಅಂಚು ಕಿತ್ತು ಬದಿಗಿಟ್ಟು, ಮೆತ್ತನೆಯದನ್ನು ಮಾತ್ರ ಬಲಗಡೆ ಅಗಿಯುತ್ತಿದ್ದ. ಸೂಪು ಆರುವ ತನಕ ಚಮಚದಿಂದ ತಿರುಗಿಸುತ್ತ ಕೂರುತ್ತಿದ್ದ. ಅಕ್ಕ ಇಬ್ಬರನ್ನೂ ನೋಡುತ್ತಿದ್ದಳು.

"ಖಾರ ಬೇಡ ಅಂದ್ರಿ, ಬಿಟ್ಟೆ. ಹುಳಿ ಬೇಡ ಅಂದ್ರಿ, ಅದನ್ನೂ ಬಿಟ್ಟೆ. ಬಿಸಿ ಬೇಡ ಅಂತೀರಿ. ಇನ್ನು ನೀರಿಗೆ ಉಪ್ಪು ಹಾಕಿ ಇಡ್ತೀನಿ, ಅದೊಂದು ಬಾಕಿ."

"ಚೆನ್ನಾಗೇ ಇದೆ," ಎಂದ ಭಾವ.

"ಇಪ್ಪತ್ತು ವರ್ಷದಲ್ಲಿ ಚೆನ್ನಾಗೇ ಇದೆ ಅಂತ ಒಂದಿನವೂ ಹೇಳಿರ್ಲಿಲ್ಲ. ಇವತ್ತು ಹೇಳ್ತಿದೀರಿ ಅಂದ್ರೆ ಏನೋ ಇದೆ." ಆಮೇಲೆ ತಮ್ಮನ ಕಡೆ ತಿರುಗಿದಳು. "ನೀನೇನೋ, ತಟ್ಟೆಯಲ್ಲಿ ಏನು ಹುಡುಕ್ತಿದೀಯ? ಉಂಗುರ ಬಿದ್ದಿದ್ಯಾ?"

ತಮ್ಮ ತಟ್ಟೆಯಲ್ಲೇ ಬ್ರೆಡ್ಡು ಮುರಿಯುತ್ತ ಕುಳಿತ. ಪೈಪು ಕೊಟ್ಟವನು ತಾನು. ಭಾವನಿಗೆ ಏನಾದರೂ ಆದರೆ ಈ ಮೇಜಿನ ಮುಂದೆ ಯಾವ ಮುಖ ಹೊತ್ತು ಕೂರುವುದು ಎಂದು ಯೋಚಿಸಿದ. ಮೇಜೇ ಇರುತ್ತದೋ ಇಲ್ಲವೋ, ಹರಾಜು ಮಳಿಗೆಯವರು ಮೂಕನಿಗೆ ಸಂಬಳ ಕೊಡುತ್ತಾರೆಯೇ ಎಂದೂ ಯೋಚಿಸಿದ. ಇದನ್ನು ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡ.

ಐದನೇ ವಾರ ಅವನು ಹರಾಜು ಮಳಿಗೆಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತು ನೋಡಿದ. ಕಟ್ಟೆಯ ಮೇಲೆ ಒಂದು ಒಳ್ಳೆಯ ಕಪಾಟು ಬಂತು, ಕನ್ನಡಿ ಬಾಗಿಲಿನದು. ಹಿಂದಿನ ಭಾವನಾಗಿದ್ದರೆ ಆ ಕಪಾಟಿನ ಅಜ್ಜಿಯ ಕಥೆಯಿಂದ ಶುರು ಮಾಡುತ್ತಿದ್ದ. ಇಂದು ನಂಬರು ಹೇಳಿದ, ಬೆಲೆ ಹೇಳಿದ, ಮತ್ತೆ ಬೆಲೆ ಹೇಳಿದ, ಸುತ್ತಿಗೆ ಬಡಿದ. ಯಾರೂ ನಗಲಿಲ್ಲ. ಕಪಾಟು ಅರ್ಧ ಬೆಲೆಗೆ ಹೋಯಿತು. ಗೋಡೆಯ ಬಳಿ ನಿಂತಿದ್ದ ಮಳಿಗೆಯ ಯಜಮಾನ ಕೈಗಡಿಯಾರ ನೋಡಿಕೊಂಡ.

ಅಂದು ಪೈಪು ತೊಳೆಯುವ ದಿನ. ಭಾವ ಸೇದುವುದನ್ನು ಕಡಿಮೆ ಮಾಡಿದ್ದರೂ ಪೈಪನ್ನು ಕಚ್ಚಿಕೊಳ್ಳುವ ಚಟ ಬಿಟ್ಟಿರಲಿಲ್ಲ. ಖಾಲಿ ಪೈಪನ್ನೇ ದವಡೆಯಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಚಿಂತೆ ಹೆಚ್ಚಿದಷ್ಟೂ ಗಟ್ಟಿಯಾಗಿ ಕಚ್ಚುತ್ತಿದ್ದ. ತಮ್ಮ ಪೈಪನ್ನು ಅಂಗಡಿಗೆ ತಂದು ಬಿಚ್ಚಿದ. ತಂತಿಬತ್ತಿ ತೂರಿಸಿ ಎಳೆದ. ಮೌತ್‌ಪೀಸನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಹಿಡಿದ.

ಹಲ್ಲಿನ ಗುರುತಿರಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ತಗ್ಗು ಬೀಳುವುದಿಲ್ಲ. ಆದರೆ ಎಡ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು, ಒಂದರ ಮೇಲೊಂದು, ಚಾಕುವಿನ ತುದಿಯಿಂದ ಎಳೆದ ಹಾಗೆ. ಹಲ್ಲು ಹೀಗೆ ಗೀರುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ನೂರಾರು ಬಾಯಿಯ ಗುರುತು ನೋಡಿದ್ದ. ಹಲ್ಲು ಅಂದರೆ ದುಂಡು. ಗೀರುವುದು ಒಡೆದ ಗಾಜು, ಒಡೆದ ಪಿಂಗಾಣಿ, ಒಡೆದ ಏನಾದರೂ.

ಡ್ರಾಯರು ಎಳೆದು ಹಳೆಯ ರಬ್ಬರಿನ ತುಂಡನ್ನು ಹುಡುಕಿದ. ಅದರ ಎಡ ಅಂಚಿನಲ್ಲಿ ಎರಡು ತಗ್ಗು, ಹೆಬ್ಬೆರಳ ತುದಿ ಒತ್ತಿದ ಹಾಗೆ ನುಣುಪು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತ. ಅಷ್ಟು ದಿನದ ಕಚ್ಚುವಿಕೆಯನ್ನು ರಬ್ಬರು ತಾನು ತಗ್ಗಿ ತಡೆದುಕೊಂಡಿತ್ತು. ಈ ಪ್ಲಾಸ್ಟಿಕ್ಕು ತಗ್ಗುವುದಿಲ್ಲ. ಅದು ತಗ್ಗದಿದ್ದರೆ ಬೇರೆ ಏನೋ ತಗ್ಗಬೇಕು.

ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ನಡೆದ. ಅರ್ಧ ದಾರಿಯಲ್ಲಿ ನೆನಪಾಗಿ ಹಿಂದೆ ಬಂದು ಹಾಕಿ, ಮತ್ತೆ ಓಡಿದ.

ಮಳಿಗೆಯ ಹಿಂಭಾಗದಲ್ಲಿ, ಮಾರಾಟವಾಗದ ಮಂಚಗಳ ನಡುವೆ ಭಾವ ತಣ್ಣನೆಯ ಚಹಾ ಇಟ್ಟುಕೊಂಡು ಕುಳಿತಿದ್ದ. ಮತ್ತೆ ಕೂಡಿಸಿ ತಂದಿದ್ದ ಪೈಪನ್ನು ತಮ್ಮ ಅವನ ಕೋಟಿನ ಜೇಬಿಗೆ ತುರುಕಿ, ಅವನನ್ನು ಎಬ್ಬಿಸಿ, ನಂಬರು ಚೀಟಿ ಅಂಟಿಸಿದ್ದ ನಿಲುಗನ್ನಡಿಯ ಮುಂದೆ ನಿಲ್ಲಿಸಿದ.

"ಬಾಯಿ ತೆಗೀರಿ."

"ಯಾಕೋ? ನನ್ನನ್ನೂ ಹರಾಜು ಹಾಕ್ತೀಯ?"

"ತೆಗೀರಿ ಭಾವ."

ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಬಾಯೊಳಗೆ ಬಿತ್ತು. ಎಡಗಡೆ, ಕೆಳಗೆ, ದವಡೆಹಲ್ಲಿನ ಹಿಂದಿನ ಮೂಲೆ ಇರಲಿಲ್ಲ. ತಮ್ಮ ಬೆರಳಿನ ತುದಿ ಅಲ್ಲಿ ಆಡಿಸಿದ. ಚರ್ಮ ಕತ್ತರಿಸಿತು, ಒಂದು ಹನಿ ರಕ್ತವೂ ಬಂತು. ನಾಲಗೆ ಮಾತಾಡುವಾಗಲೆಲ್ಲ ಸವರಿಕೊಂಡು ಹೋಗುವ ಜಾಗ ಅದೇ.

"ಇದು ಯಾವಾಗ ಮುರೀತು?"

ಭಾವ ಬಾಯಿ ಮುಚ್ಚಿ ಯೋಚಿಸಿದ. "ಮುರ್ದಿದ್ಯಾ? ಒಂದಿನ ಬ್ರೆಡ್ಡಿನಲ್ಲಿ ಕಲ್ಲು ಸಿಕ್ತು ಅಂದ್ಕೊಂಡೆ. ಕಟ್ ಅಂತು. ನಿಮ್ಮಕ್ಕನ ಜೊತೆ ಅದಕ್ಕೇ ಜಗಳ ಆಡಿದ್ದೆ. ಹಿಟ್ಟು ಜರಡಿ ಹಿಡಿಯಲ್ಲ ಅಂತ."

"ಆ ಕಲ್ಲು ಎಲ್ಲಿ?"

"ನುಂಗಿದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಭಾವನ ಕಣ್ಣಿನಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಆಸೆ ಕಾಣಿಸಿತು. ಅದನ್ನು ನೋಡಲು ತಮ್ಮನಿಗೆ ಭಯವಾಯಿತು. "ಅಂದ್ರೆ ಇದು ಆ ರೋಗ ಅಲ್ಲ?" ಎಂದ ಭಾವ. ಮೇಲೇರಿಬಂದ ಧ್ವನಿಯಲ್ಲೇ, "ನಿನ್ನ ಹತ್ರ ಅರ ಇದೆಯಲ್ಲ, ಸಣ್ಣದು, ಜೇಬಲ್ಲಿ? ಉಜ್ಜಿಬಿಡು. ಎರಡು ನಿಮಿಷದ ಕೆಲಸ. ಡಾಕ್ಟರೂ ಬೇಡ, ನಿಮ್ಮಕ್ಕನೂ ಬೇಡ."

ಅರ ಜೇಬಿನಲ್ಲೇ ಇತ್ತು. ತಮ್ಮನ ಕೈ ಅಲ್ಲಿಗೆ ಹೋಯಿತು ಕೂಡ. ಮಾಡಬಲ್ಲೆ ಎಂದು ಅವನಿಗೆ ಗೊತ್ತಿತ್ತು. ಇದಕ್ಕಿಂತ ಸೂಕ್ಷ್ಮದ ಕೆಲಸ ದಿನಾ ಮಾಡುತ್ತಿದ್ದ. ಅಕ್ಕನಿಗೆ ಗೊತ್ತೇ ಆಗುವುದಿಲ್ಲ, ಮೌತ್‌ಪೀಸಿನ ಮಾತು ಎಂದೂ ಎತ್ತಬೇಕಾಗಿಲ್ಲ. ಆದರೆ ಎರಡು-ಮೂರು ತಿಂಗಳ ಹಿಂದೆ ಆ ಗಟ್ಟಿ ತುಂಡನ್ನು ಕೂಡಿಸುವಾಗಲೂ ಅವನಿಗೆ ಇಷ್ಟೇ ನಂಬಿಕೆಯಿತ್ತು. ಗುಮಾಸ್ತನಿಗೆ ತಂಬಾಕು ಆರಿಸಲು ಹೇಳಿದಾಗಲೂ ಇಷ್ಟೇ ಇತ್ತು.

ಕೈಯನ್ನು ಜೇಬಿನಿಂದ ಖಾಲಿಯಾಗಿ ತೆಗೆದ.

"ಹಲ್ಲಿನಿಂದ ಆಗಿರಬಹುದು ಭಾವ. ಆಗಿರಬಹುದು ಅಷ್ಟೇ. ನಾನು ಹೇಳಿದ್ದು ಸರಿಯಾಗಿದ್ದ ಸಲವೇ ನಿಮ್ಮ ಹಲ್ಲು ಮುರೀತು. ಇನ್ನು ನಾನು ಹೇಳಲ್ಲ. ಡಾಕ್ಟರು ಹೇಳಲಿ."

"ಆಣೆ ಹಾಕಿದೀಯ."

"ಮುರೀತೀನಿ."

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ತಮ್ಮ ನಿಂತುಕೊಂಡೇ ಎಲ್ಲ ಹೇಳಿದ. ಹುಣ್ಣು, ಐದು ವಾರ, ಆಣೆ, ಹಲ್ಲು. ಕೊನೆಗೆ ಹೇಳಬೇಕಾದದ್ದು ಕೊನೆಗೆ ಬಂತು: "ಆ ಗಟ್ಟಿ ತುಂಡು ನಾನೇ ಹಾಕಿದ್ದು ಅಕ್ಕ. ಉರಿ ಹೋಗ್ಲಿ ಅಂತ. ಹಲ್ಲು ಮುರಿದಿದ್ದು ಅದರಿಂದಲೇ." ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿ, ರಾಶಿಯ ಮೇಲಿಟ್ಟು, ಅಂಚು ಸರಿಮಾಡಿದಳು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಐದು ವಾರ," ಎಂದಳು. "ಐದು ವಾರ ನನ್ನ ಕೈಯಲ್ಲಿ ತಣ್ಣನೆ ಸೂಪು ಮಾಡಿಸಿ, ಇಬ್ಬರೂ ನನ್ನ ಮುಖ ನೋಡ್ಕೊಂಡು ಕುಡಿದ್ರಿ."

ಅವಳು ಚಪ್ಪಲಿ ಮೆಟ್ಟಿದಳು. "ನಡೀರಿ."

ಹಲ್ಲಿನ ಡಾಕ್ಟರಮ್ಮ ಕಡಿಮೆ ಮಾತಿನವಳು. ಬಾಯಿಗೆ ದೀಪ ಹಿಡಿದು ನೋಡಿದಳು, ಕೈಗವಸಿನ ಬೆರಳಿನಿಂದ ಹುಣ್ಣಿನ ಸುತ್ತ ಒತ್ತಿ ನೋಡಿದಳು, ಕತ್ತಿನ ಕೆಳಗೆ ಗಂಟಿದೆಯೇ ಎಂದು ಸವರಿ ನೋಡಿದಳು. ಅಷ್ಟು ಹೊತ್ತೂ ತಮ್ಮ ಗೋಡೆಗೆ ಒರಗಿ ನಿಂತು ಅವಳ ಹುಬ್ಬನ್ನೇ ನೋಡುತ್ತಿದ್ದ.

"ಹಲ್ಲು ಬೇರಿನ ತನಕ ಸೀಳಿದೆ, ಉಳಿಯಲ್ಲ. ಇವತ್ತೇ ಕೀಳ್ತೀನಿ," ಎಂದಳು. "ಹುಣ್ಣು ಅದು ಚುಚ್ಚಿ ಆಗಿದ್ರೆ ಎರಡು ವಾರದಲ್ಲಿ ಮಾಯಬೇಕು. ಮಾಯದಿದ್ರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಅಲ್ಲಿ ತನಕ ಹೊಗೆ ಮುಟ್ಟಬಾರದು."

"ಖಾಲಿ ಪೈಪು ಕಚ್ಚಿಕೊಳ್ಳಬಹುದಾ?" ಎಂದ ಭಾವ.

ಡಾಕ್ಟರಮ್ಮ ಅಕ್ಕನ ಕಡೆ ನೋಡಿದಳು. ಅಕ್ಕ ಭಾವನ ಕೋಟಿನ ಜೇಬಿಗೆ ಕೈಹಾಕಿ ಪೈಪು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಆ ಎರಡು ವಾರ ಮನೆಯಲ್ಲಿ ಗಡಿಯಾರ ಕಾಲೆಳೆದುಕೊಂಡು ನಡೆಯಿತು. ದಿನಾ ಬೆಳಿಗ್ಗೆ ಅಕ್ಕ ಗಂಡನನ್ನು ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿ, ಟಾರ್ಚು ಹಿಡಿದು ನಾಲಗೆ ನೋಡುತ್ತಿದ್ದಳು. ತಮ್ಮನೂ ಬಂದು ನಿಲ್ಲಬೇಕಾಗಿತ್ತು. "ನೀನೂ ನೋಡು. ಗುರುತು ಓದೋನು ನೀನಲ್ವಾ," ಎನ್ನುತ್ತಿದ್ದಳು. ಆ ಒಂದು ಮಾತು ಬಿಟ್ಟರೆ ಅವನೊಡನೆ ಮಾತಿರಲಿಲ್ಲ. ತಟ್ಟೆ ಮುಂದಿಡುತ್ತಿದ್ದಳು, ಇನ್ನಷ್ಟು ಬೇಕಾ ಎಂದು ಕೇಳುತ್ತಿರಲಿಲ್ಲ.

ಮೂರನೇ ದಿನ ಹಾಗೇ ಇತ್ತು. ಐದನೇ ದಿನ ಹಾಗೇ ಇತ್ತು, ಕೆಂಪು ಇನ್ನೂ ಜಾಸ್ತಿಯಾದಂತೆ ತಮ್ಮನಿಗೆ ಕಂಡಿತು. ಅವನು ಹೇಳಲಿಲ್ಲ. ಆ ದಿನ ಅಂಗಡಿಯಲ್ಲಿ ಒಬ್ಬರ ಛತ್ರಿಗೆ ಇನ್ನೊಬ್ಬರ ಹಿಡಿ ಹಾಕಿ ಕಳಿಸಿದ. ಎಂಟನೇ ದಿನ ಅಕ್ಕ ಟಾರ್ಚನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ, ಮತ್ತೆ ನೋಡಿ, ಟಾರ್ಚನ್ನು ತಮ್ಮನ ಕೈಗೆ ಕೊಟ್ಟಳು. ನಡುವಿನ ಬಿಳಿ ಚಿಕ್ಕದಾಗಿತ್ತು. ಅವನು ಎರಡು ಸಲ ನೋಡಿದ. ನೋಡಿದ್ದನ್ನು ನಂಬಲು ಹೆದರಿದ, ಯಾಕೆಂದರೆ ಅದು ತನಗೆ ಬೇಕಾದದ್ದೇ ಆಗಿತ್ತು.

"ಏನು, ಇಬ್ಬರೂ ಸುಮ್ಮನಾದ್ರಿ?" ಎಂದ ಭಾವ ಬಾಯಿ ತೆರೆದುಕೊಂಡೇ. "ಎಷ್ಟಕ್ಕೆ ನಿಂತಿದೆ ಬೆಲೆ?"

"ಅಕ್ಕಿಕಾಳಿಗೆ ಬಂದಿದೆ," ಎಂದ ತಮ್ಮ.

ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು, ಬಹಳ ಹೊತ್ತು ಕೈ ಒರೆಸಿಕೊಂಡಳು.

ಹದಿನೈದನೇ ದಿನ ಡಾಕ್ಟರಮ್ಮ ನೋಡಿ, ಹುಣ್ಣು ವಾಸಿಯಾಗಿದೆ, ಕತ್ತರಿಸುವುದು ಬೇಡ ಎಂದಳು. ಆದರೆ ಹೊಗೆ ಬಡಿಯುತ್ತಿದ್ದ ಅಂಗುಳಿನಲ್ಲಿ ಒಂದು ಬಿಳುಪು ಇದೆ, ಈಗ ಅದು ಏನೂ ಅಲ್ಲ, ಮುಂದೆ ಏನಾದರೂ ಆಗಬಹುದು, ಸೇದುವುದು ನಿಲ್ಲಿಸಿ ಆರು ತಿಂಗಳಿಗೊಮ್ಮೆ ತೋರಿಸಿ ಎಂದಳು.

ಭಾವ ಸೇದುವುದನ್ನು ಬಿಟ್ಟ. ಒಂದು ಹಲ್ಲು ಹೋಯಿತು, ಅದರ ಜಾಗದಿಂದ ಗಾಳಿ ನುಗ್ಗಿ 'ಸ್ವಾಮಿ' ಎನ್ನುವಾಗ ಸೀಟಿ ಬರುತ್ತದೆ. ಕೆಲಸ ಉಳಿಯಿತು. ತಮ್ಮನ ಅಂಗಡಿಗೆ ನಾಲಗೆ ಉರಿ ಎಂದು ಬಂದವರಿಗೆ ಅವನು ಈಗಲೂ ತಂಬಾಕು ಆರಿಸಲು, ನಿಧಾನ ಎಳೆಯಲು ಹೇಳುತ್ತಾನೆ, ಮೆತ್ತನೆಯ ರಬ್ಬರಿನ ತುಂಡನ್ನೇ ಹಾಕಿಕೊಡುತ್ತಾನೆ. ಎರಡು ವಾರ ಕಳೆದರೂ ವಾಸಿಯಾಗದೆ ಮತ್ತೆ ಬಂದು ಕುಳಿತವರಿಗೆ ಮಾತ್ರ ಏನನ್ನೂ ಮಾರದೆ ಡಾಕ್ಟರಮ್ಮನ ವಿಳಾಸ ಬರೆದುಕೊಡುತ್ತಾನೆ. ಹಾಗೆ ನಾಲ್ಕು ಗಿರಾಕಿಗಳು ಕೈಬಿಟ್ಟು ಹೋದರು. ಅಕ್ಕ ಮಾತಾಡತೊಡಗಲು ಇನ್ನೂ ಒಂದು ತಿಂಗಳು ಹಿಡಿಯಿತು. ಸಿಗರೇಟು ಬಿಡಿಸಿದ ತಮ್ಮ ಎಂದು ಅವಳು ಯಾರ ಮುಂದೆಯೂ ಮತ್ತೆ ಹೇಳಿಲ್ಲ.